ಲೋಲಕದಿಂದ ಚಂದ್ರನವರೆಗೆ: ಗುರುತ್ವ ಅಳೆಯುವ ಉಪಕರಣವೊಂದನ್ನು ಕಟ್ಟಿದ ದಾಖಲೆ

ಉಕ್ಕಿನ ತಂತಿಯೊಂದಕ್ಕೆ ಹಿತ್ತಾಳೆಯ ಗುಂಡನ್ನು ಕಟ್ಟಿ ತೂಗಲು ಬಿಟ್ಟು, ಅದು ಒಮ್ಮೆ ಹೋಗಿ ಬರಲು ತೆಗೆದುಕೊಳ್ಳುವ ಕಾಲವನ್ನು ಎಚ್ಚರಿಕೆಯಿಂದ ಅಳೆದರೆ, ಆ ಜಾಗದಲ್ಲಿ ಭೂಮಿಯ ಗುರುತ್ವ ಎಷ್ಟೆಂಬುದನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ನಿಖರವಾಗಿ ತಿಳಿಯಬಹುದು. ಗುರುತ್ವದ ಬೆಲೆ ಯಾವ ಪಠ್ಯಪುಸ್ತಕದಲ್ಲಾದರೂ ಸಿಗುತ್ತದೆ. ಅದಕ್ಕಾಗಿಯೇ ಉಪಕರಣ ಕಟ್ಟುವ ಅಗತ್ಯವಿಲ್ಲ. ಆದರೆ ಈ ಗುಂಡನ್ನು ಕೆಳಕ್ಕೆ ಸೆಳೆಯುವ ಬಲವೂ ಚಂದ್ರನನ್ನು ಕಕ್ಷೆಯಲ್ಲಿ ಹಿಡಿದಿಟ್ಟಿರುವ ಬಲವೂ ಒಂದೇ ಎಂಬ ಮಾತನ್ನು ನಾವೆಲ್ಲ ಓದಿ ಒಪ್ಪಿಕೊಂಡಿರುತ್ತೇವೆಯೇ ಹೊರತು, ಅಳೆದು ನೋಡಿರುವುದಿಲ್ಲ. ಅದನ್ನು ಕೈಯಾರೆ ಪರೀಕ್ಷಿಸಬೇಕೆಂಬ ಆಸೆಯಿಂದ ಈ ಲೋಲಕವನ್ನು ಕಟ್ಟಿದೆ.

ಈ ದಾರಿಯನ್ನು ಮೊದಲು ತುಳಿದವರು ನ್ಯೂಟನ್. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಅವರು, ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಾಗಿ ಒಂದು ಸೆಕೆಂಡಿನಲ್ಲಿ ತೂಗುವ ಲೋಲಕದ ಉದ್ದವನ್ನು ಪ್ಯಾರಿಸ್ಸಿನ ಅಂದಿನ ಅಳತೆಯಲ್ಲಿ 3 ಅಡಿ 8½ ಗೆರೆ (ಗೆರೆ ಎಂದರೆ ಅಂಗುಲದ ಹನ್ನೆರಡನೆಯ ಒಂದು ಪಾಲು) ಎಂದು ನಿರ್ಧರಿಸಿದ್ದರು. ಇಂದಿನ ಲೆಕ್ಕದಲ್ಲಿ ಅದು ಸುಮಾರು 99.4 ಸೆಂಟಿಮೀಟರ್. ಆ ಉದ್ದದಿಂದ, ನೆಲದ ಬಳಿ ಕೈಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ 15 ಪ್ಯಾರಿಸ್ ಅಡಿಗಿಂತ ತುಸು ಹೆಚ್ಚು ಬೀಳುತ್ತದೆ ಎಂದು ತಿಳಿಯುತ್ತದೆ. 1687ರಲ್ಲಿ ಪ್ರಕಟವಾದ ತಮ್ಮ ಗ್ರಂಥದ ಮೂರನೆಯ ಭಾಗದಲ್ಲಿ ನ್ಯೂಟನ್ ಇದೇ ಸಂಖ್ಯೆಯನ್ನು ಎತ್ತಿಕೊಂಡು, ಚಂದ್ರನು ಒಂದು ನಿಮಿಷದಲ್ಲಿ ಭೂಮಿಯತ್ತ ಬೀಳುವ ದೂರದೊಂದಿಗೆ ಹೋಲಿಸಿದರು. ಎರಡೂ ಹೊಂದಿಕೊಂಡವು. ಕಲ್ಲು ಒಂದು ಸೆಕೆಂಡಿನಲ್ಲಿ ಬಿದ್ದಷ್ಟು ದೂರವನ್ನು ಚಂದ್ರ ಒಂದು ನಿಮಿಷದಲ್ಲಿ ಬೀಳುತ್ತಾನೆ.

ಕಲ್ಲನ್ನೇ ಬೀಳಿಸಿ ಅಳೆಯಬಹುದಲ್ಲ ಎಂದು ಯಾರಾದರೂ ಕೇಳಬಹುದು. ಎರಡು ಮೀಟರ್ ಎತ್ತರದಿಂದ ಬಿಟ್ಟ ಕಲ್ಲು 0.64 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ; ಅದರಲ್ಲಿ ಸೆಕೆಂಡಿನ ನೂರನೆಯ ಒಂದು ಪಾಲು ತಪ್ಪಿದರೂ ಗುರುತ್ವದಲ್ಲಿ ಶೇಕಡ 3ರಷ್ಟು ವ್ಯತ್ಯಾಸ ಬರುತ್ತದೆ. ಲೋಲಕವಾದರೋ ಅದೇ ಬೀಳುವಿಕೆಯನ್ನು ನೂರಾರು ಸಲ ತಾನಾಗಿಯೇ ಮರುಕಳಿಸುತ್ತದೆ. ಮೊದಲ ಮತ್ತು ಕೊನೆಯ ಕ್ಷಣದ ತಪ್ಪು ಅಷ್ಟೂ ಆಂದೋಲನಗಳಿಗೆ ಹಂಚಿಹೋಗುತ್ತದೆ.

ತೂಗುಬಿಂದು

ಲೋಲಕ ಕಟ್ಟುವವರು ಸಾಮಾನ್ಯವಾಗಿ ಗುಂಡಿನ ಬಗ್ಗೆ ಹೆಚ್ಚು ಯೋಚಿಸುತ್ತಾರೆ, ತೂಗುಬಿಂದುವಿನ ಬಗ್ಗೆ ಕಡಿಮೆ. ನನ್ನ ಅನುಭವದಲ್ಲಿ ಇಡೀ ಉಪಕರಣದ ಯೋಗ್ಯತೆ ನಿಲ್ಲುವುದು ಆ ಮೇಲಿನ ತುದಿಯಲ್ಲಿ. ಮೊಳೆಗೆ ದಾರ ಸುತ್ತಿ ತೂಗುಬಿಟ್ಟರೆ, ಗುಂಡು ಒಂದು ಬದಿಗೆ ಹೋದಾಗ ದಾರ ಮೊಳೆಯ ಮೈಗೆ ಅಷ್ಟಿಷ್ಟು ಸುತ್ತಿಕೊಂಡು ಉದ್ದ ಕಡಿಮೆಯಾಗುತ್ತದೆ, ಇನ್ನೊಂದು ಬದಿಗೆ ಹೋದಾಗ ಬಿಚ್ಚಿಕೊಂಡು ಹೆಚ್ಚಾಗುತ್ತದೆ. ಗಂಟಿನ ಕೆಳಗೆ ಎಲ್ಲಿಂದ ಅಳೆಯಬೇಕೆಂಬುದೂ ಸ್ಪಷ್ಟವಾಗುವುದಿಲ್ಲ.

ಆದ್ದರಿಂದ ಹೆಬ್ಬೆರಳಿನಗಲದ ಎರಡು ಉಕ್ಕಿನ ಪಟ್ಟಿಗಳನ್ನು ಕತ್ತರಿಸಿ, ಒಂದಕ್ಕೊಂದು ತಾಗುವ ಮುಖಗಳನ್ನು ಅರದಿಂದ ಉಜ್ಜಿ ಸಮಮಾಡಿದೆ. ಅನಂತರ ಗಾಜಿನ ಹಲಗೆಯ ಮೇಲೆ ನಯವಾದ ಎಮರಿ ಕಾಗದ ಹಾಸಿ, ಎರಡು ಪಟ್ಟಿಗಳನ್ನೂ ಬೋಲ್ಟಿನಿಂದ ಬಿಗಿದು ಒಂದೇ ತುಂಡಿನಂತೆ ಹಿಡಿದು, ಕೆಳಗಿನ ಅಂಚನ್ನು ಉಜ್ಜಿದೆ. ಹೀಗೆ ಜೊತೆಯಾಗಿ ಉಜ್ಜಿದರೆ ಎರಡರ ಅಂಚೂ ಒಂದೇ ಮಟ್ಟದಲ್ಲಿ ಚೂಪಾಗಿ ನಿಲ್ಲುತ್ತವೆ. ಬೇರೆಬೇರೆಯಾಗಿ ಉಜ್ಜಿದರೆ ಒಂದು ತುಸು ಮೇಲೆ, ಒಂದು ತುಸು ಕೆಳಗೆ ಉಳಿದು, ತಂತಿ ಎಡಕ್ಕೆ ಬಾಗುವಾಗ ಒಂದು ಕಡೆ, ಬಲಕ್ಕೆ ಬಾಗುವಾಗ ಇನ್ನೊಂದು ಕಡೆ ಮಡಿಯುತ್ತದೆ. ತಂತಿಯನ್ನು ಎರಡರ ನಡುವೆ ಇಟ್ಟು, ಅದರ ಎರಡೂ ಪಕ್ಕಗಳಲ್ಲಿ ಒಂದೊಂದು ಬೋಲ್ಟ್ ಹಾಕಿ ಬಿಗಿದರೆ ತೂಗುಬಿಂದು ಸಿದ್ಧ.

ಈ ಹಿಡಿಕೆಯನ್ನು ಗೋಡೆಗೆ ಬಡಿದ ಕೋನಾಕಾರದ ಕಬ್ಬಿಣದ ಬ್ರಾಕೆಟ್ಟಿಗೆ ಜೋಡಿಸಿದೆ. ಕೈಯಿಂದ ಅಲುಗಾಡಿಸಿದರೆ ಬ್ರಾಕೆಟ್ ಗಟ್ಟಿಯಾಗಿಯೇ ಇತ್ತು. ಆದರೆ ಕೈಗೆ ತಿಳಿಯದಷ್ಟು ಸಣ್ಣ ಅಲುಗಾಟವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಗುಂಡು ಎಳೆದ ಕಡೆಗೆ ಆಧಾರವೂ ಬಾಗಿದರೆ ಲೋಲಕ ತನ್ನ ನಿಜವಾದ ಉದ್ದಕ್ಕಿಂತ ಉದ್ದವಿರುವಂತೆ ತೂಗುತ್ತದೆ, ಗುರುತ್ವ ಕಡಿಮೆ ಎಂದು ತೋರುತ್ತದೆ. ಅದನ್ನು ಕಣ್ಣಿಗೆ ಕಾಣಿಸಲು ಒಂದು ಲೇಸರ್ ಪಾಯಿಂಟರನ್ನು ಬ್ರಾಕೆಟ್ಟಿನ ತುದಿಗೆ ಕಟ್ಟಿ, ಅದರ ಚುಕ್ಕೆ ಎದುರು ಗೋಡೆಯ ಮೇಲೆ ಅಂಟಿಸಿದ ಗೀಟುಕಾಗದದ ಮೇಲೆ ಬೀಳುವಂತೆ ಮಾಡಿದೆ. ಗುಂಡನ್ನು ತೂಗಲು ಬಿಟ್ಟೊಡನೆ ಕೆಂಪು ಚುಕ್ಕೆಯೂ ಅದೇ ತಾಳಕ್ಕೆ ಒಂದೆರಡು ಮಿಲಿಮೀಟರ್ ಅತ್ತಿತ್ತ ಸರಿಯತೊಡಗಿತು. ಬ್ರಾಕೆಟ್ಟಿನ ತುದಿಯಿಂದ ಗೋಡೆಗೆ ಎರಡು ಓರೆ ಆಸರೆಗಳನ್ನು ಕೊಟ್ಟು, ಗೋಡೆಯೊಳಗಿನ ಬೋಲ್ಟುಗಳನ್ನು ಇನ್ನಷ್ಟು ಆಳಕ್ಕೆ ಇಳಿಸಿದ ಮೇಲೆ ಚುಕ್ಕೆ ಗೀಟಿನ ಮೇಲೆ ನಿಂತಲ್ಲೇ ನಿಂತಿತು. ಲೋಲಕ ಕಟ್ಟುವ ಪ್ರತಿಯೊಬ್ಬರೂ ಈ ಪರೀಕ್ಷೆಯನ್ನು ಮಾಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತಂತಿ ಮತ್ತು ಗುಂಡು

ತಂತಿ 0.4 ಮಿಲಿಮೀಟರ್ ದಪ್ಪದ ಉಕ್ಕಿನದು. ಹತ್ತಿಯ ದಾರ ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ನೈಲಾನ್ ಭಾರಕ್ಕೆ ದಿನವಿಡೀ ನಿಧಾನವಾಗಿ ಎಳೆದುಕೊಳ್ಳುತ್ತಲೇ ಇರುತ್ತದೆ. ಉಕ್ಕು ಕೂಡ ಎಳೆದುಕೊಳ್ಳುತ್ತದೆ, ಆದರೆ ಒಮ್ಮೆ ಮಾತ್ರ: ಅರ್ಧ ಕಿಲೋಗ್ರಾಂಗೆ ಪ್ರತಿ ಮೀಟರಿಗೆ 0.2 ಮಿಲಿಮೀಟರಿನಷ್ಟು. ಹಾಗಾಗಿ ಉದ್ದವನ್ನು ಯಾವಾಗಲೂ ಗುಂಡು ತೂಗಿಸಿದ ಸ್ಥಿತಿಯಲ್ಲೇ ಅಳೆಯಬೇಕು. ಗುಂಡು 50 ಮಿಲಿಮೀಟರ್ ವ್ಯಾಸದ ಗಟ್ಟಿ ಹಿತ್ತಾಳೆ, ತೂಕ ಸುಮಾರು 556 ಗ್ರಾಂ. ಬೇರಿಂಗಿನ ಉಕ್ಕಿನ ಗುಂಡು ಇನ್ನೂ ದುಂಡಗಿರುತ್ತದೆ, ಆದರೆ ಅದಕ್ಕೆ ತೂತು ಕೊರೆಯುವುದು ಸಾಮಾನ್ಯ ಡ್ರಿಲ್ಲಿನ ಕೆಲಸವಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಲೋಲಕದ ಉದ್ದ, ಅದು ಒಮ್ಮೆ ಹೋಗಿ ಬರುವ ಕಾಲ (ಆವರ್ತಕಾಲ) ಮತ್ತು ಗುರುತ್ವ, ಈ ಮೂರನ್ನು ಜೋಡಿಸುವ ಸೂತ್ರದಲ್ಲಿ ಬರುವ ಉದ್ದವು ತಂತಿ ಬಾಗುವ ಬಿಂದುವಿನಿಂದ ಗುಂಡಿನ ಭಾರಕೇಂದ್ರದವರೆಗಿನ ದೂರ. ಭಾರಕೇಂದ್ರ ಗುಂಡಿನ ಒಳಗಿದೆ, ಅಲ್ಲಿಗೆ ಅಳತೆಗೋಲು ಹೋಗುವುದಿಲ್ಲ. ತಂತಿಗೂ ತನ್ನದೇ ಬಿಗಿತವಿರುವುದರಿಂದ ಅದು ಹಿಡಿಕೆಯ ಅಂಚಿನಲ್ಲೇ ಮುರಿದಂತೆ ಬಾಗದೆ, ಕೆಳಗೆ ಕೆಲವು ಮಿಲಿಮೀಟರ್ ದೂರದಲ್ಲಿ ಮೆಲ್ಲಗೆ ತಿರುಗುತ್ತದೆ. ಈ ತಂತಿಗೂ ಈ ಭಾರಕ್ಕೂ ಲೆಕ್ಕ ಹಾಕಿದರೆ ಆ ದೂರ ಸುಮಾರು 7 ಮಿಲಿಮೀಟರ್ ಬರುತ್ತದೆ. ಇವೆರಡನ್ನೂ ಬೇರೆಬೇರೆಯಾಗಿ ಅಳೆಯಲು ಹೆಣಗುವ ಬದಲು, ಒಂದೇ ಗುಂಡನ್ನು ಒಂದೇ ತಂತಿಯಲ್ಲಿ ಎರಡು ಉದ್ದಗಳಿಗೆ ತೂಗಿಸಿ, ವ್ಯತ್ಯಾಸವನ್ನು ಮಾತ್ರ ಬಳಸುವುದು ಉತ್ತಮ. ಅಳೆಯಲಾಗದ ಭಾಗ ಎರಡರಲ್ಲೂ ಸಮವಾಗಿರುವುದರಿಂದ ಕಳೆಯುವಾಗ ಹೊರಟುಹೋಗುತ್ತದೆ. ಉದ್ದಗಳ ವ್ಯತ್ಯಾಸವನ್ನು ಆವರ್ತಕಾಲಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸಿ, ಪೈಯ ವರ್ಗದ ನಾಲ್ಕರಷ್ಟರಿಂದ, ಅಂದರೆ 39.478ರಿಂದ ಗುಣಿಸಿದರೆ ಗುರುತ್ವ ದೊರೆಯುತ್ತದೆ.

ಕಾಲದ ಅಳತೆ

ಗುಂಡಿನ ತಳಕ್ಕೆ ಒಂದು ಸಣ್ಣ ಸೂಜಿಯನ್ನು ಸಿಕ್ಕಿಸಿ, ಅದು ಅತಿ ಕೆಳಗಿನ ಬಿಂದುವಿನಲ್ಲಿ ಇನ್ಫ್ರಾರೆಡ್ ಎಲ್‌ಇಡಿಗೂ ಬೆಳಕಿನ ಸಂವೇದಕಕ್ಕೂ ನಡುವೆ ಹಾದುಹೋಗುವಂತೆ ಇರಿಸಿದೆ. ಗುಂಡು ಅತಿ ವೇಗದಲ್ಲಿರುವುದು ಅಲ್ಲಿಯೇ. ಆದ್ದರಿಂದ ಸೂಜಿ ಬೆಳಕನ್ನು ತಡೆಯುವ ಕ್ಷಣ ಅಲ್ಲಿ ಅತ್ಯಂತ ಸ್ಪಷ್ಟವಾಗಿರುತ್ತದೆ. ಬದಿಯ ತುದಿಯಲ್ಲಿ ಗುಂಡು ನಿಂತು ತಿರುಗುವುದರಿಂದ ಅಲ್ಲಿ ಕ್ಷಣವನ್ನು ಹಿಡಿಯುವುದು ಕಷ್ಟ. ಸೂಜಿ ಒಂದು ಆವರ್ತದಲ್ಲಿ ಎರಡು ಸಲ ಬೆಳಕನ್ನು ದಾಟುತ್ತದೆ, ಹಾಗಾಗಿ ಒಂದು ಬಿಟ್ಟು ಒಂದು ದಾಟುವಿಕೆಯನ್ನು ಎಣಿಸಬೇಕು.

ದಾಟುವಿಕೆಗಳನ್ನು ಎಣಿಸಲು ಬಳಸುವ ಅಗ್ಗದ ಮೈಕ್ರೊಕಂಟ್ರೋಲರ್ (ಪುಟ್ಟ ಗಣಕ) ಫಲಕಗಳಲ್ಲಿ ಕಾಲವನ್ನು ನಡೆಸುವುದು ಹಲವು ವೇಳೆ ಸೆರಾಮಿಕ್ ರೆಸೊನೇಟರ್ ಎಂಬ ಕಂಪಿಸುವ ಬಿಡಿಭಾಗ. ಅದರ ನಡಿಗೆಯಲ್ಲಿ ಶೇಕಡ 0.5ರವರೆಗೂ ಏರುಪೇರು ಇರಬಹುದು. ಆವರ್ತಕಾಲದ ತಪ್ಪು ಗುರುತ್ವದಲ್ಲಿ ಇಮ್ಮಡಿಯಾಗುವುದರಿಂದ ಅದು ಶೇಕಡ 1ಕ್ಕೆ ಮುಟ್ಟುತ್ತದೆ, ಮತ್ತು ಮುಂದೆ ಚಂದ್ರನ ಲೆಕ್ಕದಲ್ಲಿ ನಾವು ಹುಡುಕುವ ಒಂದು ಸೂಕ್ಷ್ಮ ವ್ಯತ್ಯಾಸವೂ ಸರಿಸುಮಾರು ಅಷ್ಟೇ ಇದೆ. ಅದಕ್ಕಾಗಿ ಡಿಎಸ್3231 ಎಂಬ ಗಡಿಯಾರದ ಚಿಪ್ಪನ್ನು ಸೇರಿಸಿದೆ. ಇದರೊಳಗಿನ ಹರಳು ತಾಪಮಾನಕ್ಕೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಹತ್ತು ಲಕ್ಷದಲ್ಲಿ ಎರಡು ಪಾಲಿಗಿಂತ ಹೆಚ್ಚು ತಪ್ಪುವುದಿಲ್ಲ. ವಿದ್ಯುನ್ಮಾನದ ಗೊಡವೆಯೇ ಬೇಡವೆನ್ನುವವರು ಕೈಗಡಿಯಾರ ಹಿಡಿದು ನೂರು ಆಂದೋಲನಗಳನ್ನು ಎಣಿಸಿದರೂ ಸಾಕು. ಬೆರಳು ಸೆಕೆಂಡಿನ ಐದನೆಯ ಒಂದು ಪಾಲು ತಡಮಾಡಿದರೂ, ಮೂರು ಸೆಕೆಂಡಿನ ಲೋಲಕದಲ್ಲಿ ಅದು ಮುನ್ನೂರು ಸೆಕೆಂಡುಗಳಲ್ಲಿ ಹರಡಿಹೋಗುತ್ತದೆ.

ಬಿಡುಗಡೆ ಮತ್ತು ಓದುಗಳು

ಗುಂಡನ್ನು ಕೈಯಿಂದ ಬಿಟ್ಟರೆ ಎಷ್ಟೇ ಜಾಗರೂಕರಾಗಿದ್ದರೂ ಪಕ್ಕಕ್ಕೆ ತುಸು ನೂಕು ತಗಲುತ್ತದೆ, ಗುಂಡು ನೇರವಾಗಿ ತೂಗದೆ ಕಿರಿದಾದ ದೀರ್ಘವೃತ್ತದಲ್ಲಿ ಸುತ್ತತೊಡಗುತ್ತದೆ. ಹಳೆಯ ಪ್ರಯೋಗಕಾರರ ಉಪಾಯವನ್ನೇ ನಾನೂ ಅನುಸರಿಸಿದೆ: ಗುಂಡನ್ನು ಹತ್ತಿಯ ನೂಲಿನಿಂದ ಒಂದು ಬದಿಗೆ ಎಳೆದು ಕಟ್ಟಿ, ಅಲುಗಾಟವೆಲ್ಲ ನಿಲ್ಲುವವರೆಗೆ ಕಾದು, ನೂಲನ್ನು ಉರಿಯಿಂದ ಸುಟ್ಟುಬಿಡುವುದು. ನೂಲು ಹರಿದ ಕ್ಷಣದಲ್ಲಿ ಗುಂಡಿನ ಮೇಲೆ ಗುರುತ್ವವನ್ನೂ ತಂತಿಯ ಎಳೆತವನ್ನೂ ಬಿಟ್ಟು ಬೇರೇನೂ ಇರುವುದಿಲ್ಲ. ಬೀಸು, ಅಂದರೆ ತಂತಿ ನಡುವಿನಿಂದ ಒಂದು ಬದಿಗೆ ವಾಲುವ ಕೋನ, 2 ಡಿಗ್ರಿಗಿಂತ ಹೆಚ್ಚಿರದಂತೆ ನೋಡಿಕೊಂಡೆ. ಬೀಸು 20 ಡಿಗ್ರಿಯಾದರೆ ಆವರ್ತಕಾಲ ಶೇಕಡ 0.76ರಷ್ಟು ಹೆಚ್ಚಾಗುತ್ತದೆ, 5 ಡಿಗ್ರಿಯಲ್ಲಿ ಅದು ಶೇಕಡ 0.05ಕ್ಕೆ ಇಳಿಯುತ್ತದೆ, 2 ಡಿಗ್ರಿಯಲ್ಲಿ ಇನ್ನೂ ನಗಣ್ಯ.

ಹಿಡಿಕೆಯ ಅಂಚಿನಿಂದ ಗುಂಡಿನ ನೆತ್ತಿಯವರೆಗೆ 2.300 ಮೀಟರ್ ಇದ್ದಾಗ ಆವರ್ತಕಾಲ 3.0562 ಸೆಕೆಂಡ್ ಬಂದಿತು, 0.800 ಮೀಟರ್ ಇದ್ದಾಗ 1.8160 ಸೆಕೆಂಡ್. ವರ್ಗಗಳ ವ್ಯತ್ಯಾಸ 6.0425, ಉದ್ದಗಳ ವ್ಯತ್ಯಾಸ 1.500 ಮೀಟರ್. ಗುಂಡಿನ ಗಾತ್ರಕ್ಕೂ ಬೀಸಿಗೂ ಮಾಡಬೇಕಾದ ಸಣ್ಣ ತಿದ್ದುಪಡಿಗಳು ಒಂದನ್ನೊಂದು ಬಹುತೇಕ ಅಳಿಸಿಹಾಕುತ್ತವೆ. ಗುರುತ್ವ ವೇಗೋತ್ಕರ್ಷ ಪ್ರತಿ ಸೆಕೆಂಡಿಗೆ ಪ್ರತಿ ಸೆಕೆಂಡಿಗೆ 9.80 ಮೀಟರ್, ಅನಿಶ್ಚಿತತೆ 0.01ಕ್ಕಿಂತ ಕಡಿಮೆ. ಇದೇ ಓದುಗಳಲ್ಲಿ ಒಂದೊಂದನ್ನೇ ತೆಗೆದುಕೊಂಡು, ಹಿಡಿಕೆಯ ಅಂಚಿನಿಂದ ಗುಂಡಿನ ನಡುವಿನವರೆಗಿನ ದೂರವೇ ಲೋಲಕದ ಉದ್ದ ಎಂದು ಭಾವಿಸಿದರೆ, ಉದ್ದನೆಯ ಲೋಲಕ 9.83 ಎನ್ನುತ್ತದೆ, ಗಿಡ್ಡನೆಯದು 9.88 ಎನ್ನುತ್ತದೆ. ತಂತಿಯ ಬಿಗಿತದ ಆ ಏಳು ಮಿಲಿಮೀಟರ್ ಎಷ್ಟು ದೊಡ್ಡ ಮಾತು ಎಂಬುದು ಇದರಿಂದ ತಿಳಿಯುತ್ತದೆ.

ಗುರುತ್ವ ಎಲ್ಲೆಡೆ ಒಂದೇ ಅಲ್ಲ ಎಂಬುದನ್ನು ಮೊದಲು ಸಾರಿದ್ದೂ ಲೋಲಕವೇ. 1672ರಲ್ಲಿ ಫ್ರೆಂಚ್ ಖಗೋಳವಿಜ್ಞಾನಿ ಜಾನ್ ರಿಷೆ ಅವರು ಸಮಭಾಜಕ ವೃತ್ತಕ್ಕೆ ಹತ್ತಿರದ ಕಯೆನ್‌ಗೆ ಹೋದಾಗ, ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಸಮಭಾಜಕದಲ್ಲಿ ಗುರುತ್ವ 9.780, ಧ್ರುವಗಳಲ್ಲಿ 9.832, ಭೂಮಿಯ ಆವರ್ತನೆ ಮತ್ತು ಅದರಿಂದಾದ ನಡುವಿನ ಉಬ್ಬು ಇದಕ್ಕೆ ಕಾರಣ. ಮೇಲಿನ ಉಪಕರಣವನ್ನು ಎಚ್ಚರದಿಂದ ಕಟ್ಟಿದರೆ ಈ ವ್ಯತ್ಯಾಸವನ್ನು ಹಿಡಿಯುವಷ್ಟು ನಿಖರತೆ ಅದಕ್ಕಿದೆ.

ಚಂದ್ರನತ್ತ

ಚಂದ್ರನ ಕಕ್ಷೆಗೆ ಎರಡು ಸಂಖ್ಯೆಗಳು ಬೇಕು: ಸುತ್ತುವ ಕಾಲ ಮತ್ತು ದೂರ. ಕಾಲವನ್ನು ಬರಿಗಣ್ಣಿನಿಂದಲೇ ಪಡೆಯಬಹುದು. ಚಂದ್ರ ಚಿತ್ರಾ ಅಥವಾ ಮಘಾ ನಕ್ಷತ್ರದ ಪಕ್ಕದಲ್ಲಿರುವ ರಾತ್ರಿಯನ್ನು ಗುರುತುಹಾಕಿಕೊಂಡು, ಮತ್ತೆ ಅದೇ ನಕ್ಷತ್ರದ ಬಳಿಗೆ ಬರುವವರೆಗೆ ಎಣಿಸಿದರೆ 27 ದಿನಗಳ ಮೇಲೆ ಸುಮಾರು ಎಂಟು ಗಂಟೆ ಆಗುತ್ತದೆ. ಚಂದ್ರನ ದಾರಿಯನ್ನು 27 ನಕ್ಷತ್ರಗಳಾಗಿ ಹಂಚಿದ್ದರ ಹಿಂದೆಯೂ ಇದೇ ಲೆಕ್ಕವಿದೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಎಣಿಸಿದರೆ 29.5 ದಿನ ಬರುತ್ತದೆ, ಏಕೆಂದರೆ ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಮುಂದೆ ಸರಿದಿರುತ್ತದೆ. ಕಕ್ಷೆಯ ಲೆಕ್ಕಕ್ಕೆ ಆ ಸಂಖ್ಯೆ ಸಲ್ಲದು.

ದೂರಕ್ಕಾಗಿ 300 ಮಿಲಿಮೀಟರ್ ಲೆನ್ಸಿನ ಕ್ಯಾಮೆರಾ ಬಳಸಿದೆ. ಚಂದ್ರ ದಿಗಂತದಲ್ಲಿದ್ದಾಗ ನಮಗೂ ಅದಕ್ಕೂ ಇರುವ ದೂರಕ್ಕಿಂತ, ಅದು ನೆತ್ತಿಯ ಮೇಲೆ ಬಂದಾಗಿನ ದೂರ ಭೂಮಿಯ ತ್ರಿಜ್ಯದಷ್ಟು ಕಡಿಮೆ. ಹಾಗಾಗಿ ಕಣ್ಣಿಗೆ ದೊಡ್ಡದಾಗಿ ತೋರುವ ದಿಗಂತದ ಚಂದ್ರ, ಚಿತ್ರದಲ್ಲಿ ಅಳೆದರೆ ನೆತ್ತಿಯ ಚಂದ್ರನಿಗಿಂತ ಚಿಕ್ಕದು. ಎಷ್ಟು ಚಿಕ್ಕದು ಎಂಬುದರಿಂದ ಚಂದ್ರನ ದೂರವನ್ನು ಭೂಮಿಯ ತ್ರಿಜ್ಯಗಳಲ್ಲಿ ಹೇಳಬಹುದು. ಇಲ್ಲಿ ಮೂರು ಎಚ್ಚರಿಕೆಗಳು ಬೇಕು. ಬಿಂಬ ಪೂರ್ತಿ ತುಂಬಿರುವ ಹುಣ್ಣಿಮೆಯ ಆಸುಪಾಸಿನಲ್ಲಿ ಚಿತ್ರ ತೆಗೆಯಬೇಕು. ದಿಗಂತದ ಬಳಿ ವಾತಾವರಣ ಬಿಂಬವನ್ನು ಮೇಲಿನಿಂದ ಕೆಳಕ್ಕೆ ಚಪ್ಪಟೆ ಮಾಡುವುದರಿಂದ ಅಡ್ಡ ವ್ಯಾಸವನ್ನು ಮಾತ್ರ ಅಳೆಯಬೇಕು. ಚಂದ್ರನ ಕಕ್ಷೆ ದೀರ್ಘವೃತ್ತವಾದ್ದರಿಂದ, ಆರು ಗಂಟೆಗಳಲ್ಲಿ ಅದರ ದೂರ ತಾನಾಗಿಯೇ ಸಾವಿರ ಕಿಲೋಮೀಟರಿಗೂ ಹೆಚ್ಚು ಬದಲಾಗಬಹುದು. ಆ ಬದಲಾವಣೆ ಬಹುತೇಕ ಶೂನ್ಯವಾಗಿರುವುದು ಚಂದ್ರ ಭೂಮಿಗೆ ಅತಿ ಹತ್ತಿರ ಅಥವಾ ಅತಿ ದೂರ ಇರುವ ದಿನಗಳಲ್ಲಿ.

ಅತಿ ದೂರದ ಬಿಂದುವಿನ ಹತ್ತಿರ ತೆಗೆದ ಚಿತ್ರಗಳಲ್ಲಿ, ಚಂದ್ರ 5 ಡಿಗ್ರಿ ಎತ್ತರದಲ್ಲಿದ್ದಾಗ ವ್ಯಾಸದ ಸರಾಸರಿ 644.4 ಪಿಕ್ಸೆಲ್, 70 ಡಿಗ್ರಿ ಎತ್ತರದಲ್ಲಿದ್ದಾಗ 652.8 ಪಿಕ್ಸೆಲ್ ಬಂದಿತು. ಇದರಿಂದ ದೂರ ಭೂಮಿಯ ತ್ರಿಜ್ಯದ 66ರಷ್ಟು ಎಂದು ತಿಳಿಯುತ್ತದೆ. ಒಂದು ಪಿಕ್ಸೆಲ್ ಅತ್ತಿತ್ತಾದರೆ ಈ ಸಂಖ್ಯೆ 8ರಷ್ಟು ಬದಲಾಗುತ್ತದೆ. ಅತಿ ದೂರದ ಬಿಂದುವಿನಲ್ಲಿ ನಿಜವಾದ ಬೆಲೆ 63ರಿಂದ 64. ಒರಟು ಅಳತೆಯೇ ಸರಿ, ಆದರೆ ಚಂದ್ರ ಆರು ತ್ರಿಜ್ಯಗಳ ದೂರದಲ್ಲೂ ಇಲ್ಲ, ಆರುನೂರರ ದೂರದಲ್ಲೂ ಇಲ್ಲ, ಅರವತ್ತರ ಆಸುಪಾಸಿನಲ್ಲಿದೆ ಎಂಬುದು ನಮ್ಮದೇ ಚಿತ್ರಗಳಿಂದ ಸ್ಥಿರಪಡುತ್ತದೆ. ಮುಂದಿನ ಲೆಕ್ಕಕ್ಕೆ ಸರಾಸರಿ ದೂರ 3,84,400 ಕಿಲೋಮೀಟರ್, ಅಂದರೆ 60.3 ತ್ರಿಜ್ಯ ಎಂಬ ಸಂಖ್ಯೆಯನ್ನೇ ತೆಗೆದುಕೊಂಡೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲಿಟ್ಟು ಬಂದ ಪ್ರತಿಫಲಕಕ್ಕೂ ಅಂಥ ಬೇರೆ ಪ್ರತಿಫಲಕಗಳಿಗೂ ಲೇಸರ್ ಬೆಳಕನ್ನು ಹಾಯಿಸಿ ಈ ದೂರವನ್ನು ಈಗ ಸೆಂಟಿಮೀಟರುಗಳ ಮಟ್ಟದಲ್ಲಿ ಅಳೆಯುತ್ತಾರೆ.

ಚಂದ್ರ ಒಂದು ಸೆಕೆಂಡಿನಲ್ಲಿ ತನ್ನ ದಾರಿಯಲ್ಲಿ 1.02 ಕಿಲೋಮೀಟರ್ ಮುಂದೆ ಸಾಗುತ್ತದೆ. ಅದನ್ನು ಯಾವುದೂ ಸೆಳೆಯದಿದ್ದರೆ ನೇರ ಗೆರೆಯಲ್ಲಿ ಹೋಗುತ್ತಿತ್ತು. ಆ ನೇರ ಗೆರೆಯಿಂದ ಅದು ಒಂದು ಸೆಕೆಂಡಿನಲ್ಲಿ ಭೂಮಿಯತ್ತ ಸರಿಯುವುದು 1.36 ಮಿಲಿಮೀಟರ್ ಮಾತ್ರ. ಒಂದು ಕಿಲೋಮೀಟರ್ ನಡಿಗೆಗೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಿನ ಈ ಬಾಗುವಿಕೆ 27 ದಿನ ಎಡೆಬಿಡದೆ ಕೂಡಿ ಕೂಡಿ ಒಂದು ಪೂರ್ಣ ಸುತ್ತಾಗುತ್ತದೆ. ವೇಗೋತ್ಕರ್ಷವಾಗಿ ಹೇಳುವುದಾದರೆ ಅದು 0.002723. ಲೋಲಕ ಕೊಟ್ಟ 9.80ನ್ನು ಇದರಿಂದ ಭಾಗಿಸಿದರೆ 3599 ಬರುತ್ತದೆ. ದೂರದ ವರ್ಗಕ್ಕೆ ವಿಲೋಮವಾಗಿ ಸೆಳೆತ ಕ್ಷೀಣಿಸುವುದಾದರೆ ಬರಬೇಕಾದದ್ದು 60.3ರ ವರ್ಗ, ಅಂದರೆ ಸುಮಾರು 3640. ಎರಡರ ನಡುವೆ ಶೇಕಡ ಒಂದಕ್ಕಿಂತ ತುಸು ಹೆಚ್ಚು ವ್ಯತ್ಯಾಸ ಉಳಿಯಿತು.

ಇಷ್ಟು ಹತ್ತಿರ ಬಂದರೆ ಸಾಕೆಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಲೋಲಕದ ಅಳತೆ ಸಾವಿರದಲ್ಲಿ ಒಂದು ಪಾಲಿನಷ್ಟು ಗಟ್ಟಿಯಾಗಿರುವಾಗ, ನೂರರಲ್ಲಿ ಒಂದು ಪಾಲಿನ ವ್ಯತ್ಯಾಸಕ್ಕೆ ಕಾರಣ ಇರಲೇಬೇಕು. ಕಾರಣ ಚಂದ್ರನ ತೂಕ. ಭೂಮಿ ಚಂದ್ರನನ್ನು ಸೆಳೆಯುವಂತೆ ಚಂದ್ರನೂ ಭೂಮಿಯನ್ನು ಸೆಳೆಯುತ್ತದೆ; ಎರಡೂ ತಮ್ಮ ಸಾಮಾನ್ಯ ಭಾರಕೇಂದ್ರದ ಸುತ್ತ ತಿರುಗುತ್ತವೆ, ಆ ಕೇಂದ್ರ ಭೂಮಿಯ ನಡುವಿನಿಂದ ಸುಮಾರು 4,670 ಕಿಲೋಮೀಟರ್ ಆಚೆ, ಭೂಮಿಯ ಒಳಗೇ ಇದೆ. ಚಂದ್ರನ ದ್ರವ್ಯರಾಶಿ ಭೂಮಿಯ 81.3ರಲ್ಲಿ ಒಂದು ಪಾಲು. ಆದ್ದರಿಂದ 9.80ನ್ನು ಅಷ್ಟು ಪಾಲು ಹೆಚ್ಚಿಸಿ 9.92 ಮಾಡಿ, 3640ರಿಂದ ಭಾಗಿಸಿದರೆ 0.002725 ಬರುತ್ತದೆ. ಆಕಾಶದಿಂದ ಬಂದ ಸಂಖ್ಯೆ 0.002723. ಸೂರ್ಯನ ಎಳೆತ, ಭೂಮಿಯ ಆವರ್ತನೆ ಮುಂತಾದ ಸಣ್ಣ ಸಂಗತಿಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅವುಗಳಲ್ಲಿ ಕೆಲವು ಒಂದನ್ನೊಂದು ಕಳೆಯುತ್ತವೆ. ಈ ಸಂಖ್ಯೆಗಳು ಹೀಗೆ ಜೋಡಿಯಾದುದನ್ನು ನೋಡಿ ನನಗಾದ ಸಂತೋಷ ಸಣ್ಣದಲ್ಲ.

ಅದೇ ತಂತಿಯಲ್ಲಿ ಕಕ್ಷೆಗಳು

ಗುಂಡನ್ನು ಒಂದು ಬದಿಗೆ ಎಳೆದು ಪಕ್ಕಕ್ಕೆ ಮೆಲ್ಲಗೆ ನೂಕಿ ಬಿಟ್ಟರೆ ಅದು ದೀರ್ಘವೃತ್ತದಲ್ಲಿ ಸುತ್ತುತ್ತದೆ. ನೂಕು ಸರಿಯಾಗಿದ್ದರೆ ವೃತ್ತದಲ್ಲಿ. 1666ರಲ್ಲಿ ರಾಬರ್ಟ್ ಹುಕ್ ಅವರು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಗ್ರಹಗಳ ಚಲನೆಯನ್ನು ವಿವರಿಸಲು ಇದನ್ನೇ ಮಾಡಿ ತೋರಿಸಿದ್ದರು. ಈ ಪ್ರಯೋಗವನ್ನು ನೋಡುವಾಗ ಒಂದು ವಿಷಯವನ್ನು ಗಮನಿಸಬೇಕು. ತಂತಿಯ ಗುಂಡು ಒಂದು ಸುತ್ತಿನಲ್ಲಿ ನಡುಬಿಂದುವಿಗೆ ಎರಡು ಸಲ ಹತ್ತಿರ ಬರುತ್ತದೆ, ಎರಡು ಸಲ ದೂರ ಹೋಗುತ್ತದೆ, ಏಕೆಂದರೆ ಸೆಳೆತದ ಕೇಂದ್ರ ದೀರ್ಘವೃತ್ತದ ನಟ್ಟನಡುವೆ ಇದೆ. ಚಂದ್ರ ಒಂದು ಸುತ್ತಿನಲ್ಲಿ ಒಂದೇ ಸಲ ಹತ್ತಿರ ಬರುತ್ತದೆ, ಸುಮಾರು 3,63,000 ಕಿಲೋಮೀಟರಿಗೆ. ಒಂದೇ ಸಲ ದೂರ ಹೋಗುತ್ತದೆ, ಸುಮಾರು 4,05,000 ಕಿಲೋಮೀಟರಿಗೆ. ಭೂಮಿ ಅದರ ದೀರ್ಘವೃತ್ತದ ನಡುವಿನಲ್ಲಿಲ್ಲ, ನಡುವಿನಿಂದ ಒಂದು ಬದಿಗೆ ಸರಿದ ನಾಭಿ ಎಂಬ ಬಿಂದುವಿನಲ್ಲಿದೆ. ತಂತಿಯಲ್ಲಿ ಸೆಳೆತ ದೂರದೊಂದಿಗೆ ಹೆಚ್ಚುತ್ತದೆ, ಆಕಾಶದಲ್ಲಿ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಕಕ್ಷೆಯ ಆಕಾರವೇ ಬಲದ ನಿಯಮವನ್ನು ಹೇಳಿಬಿಡುತ್ತದೆ.

ಇನ್ನೊಂದು ಸುಂದರವಾದ ಸಂಬಂಧವೂ ಇದೆ. ಲೋಲಕದ ಸೂತ್ರದಲ್ಲಿ ಉದ್ದದ ಜಾಗದಲ್ಲಿ ಭೂಮಿಯ ತ್ರಿಜ್ಯವಾದ 6,371 ಕಿಲೋಮೀಟರನ್ನು ಇಟ್ಟರೆ 84.4 ನಿಮಿಷ ಬರುತ್ತದೆ. ಗಾಳಿಯೇ ಇಲ್ಲದಿದ್ದರೆ ನೆಲವನ್ನು ಸವರಿಕೊಂಡಂತೆ ಸುತ್ತುವ ಉಪಗ್ರಹವೊಂದರ ಆವರ್ತಕಾಲ ಅದೇ, ವೇಗ ಸೆಕೆಂಡಿಗೆ 7.9 ಕಿಲೋಮೀಟರ್. ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಒಂದು ಸುತ್ತಿಗೆ 92ರಿಂದ 93 ನಿಮಿಷ ಬೇಕು. ಆ 7.9ನ್ನು 2ರ ವರ್ಗಮೂಲದಿಂದ ಗುಣಿಸಿದರೆ 11.2 ಆಗುತ್ತದೆ, ಅದು ಭೂಮಿಯ ಸೆಳೆತದಿಂದ ಪಾರಾಗಲು ಬೇಕಾದ ವೇಗ. ಹಿಂದುಮುಂದಾಗಿ ನೋಡಿದರೆ, ದೂರದಿಂದ ಬಂದು ಭೂಮಿಗೆ ಬೀಳುವ ಯಾವ ಉಲ್ಕೆಯೂ ವಾತಾವರಣವನ್ನು ಮುಟ್ಟುವಾಗ ಸರಿಸುಮಾರು ಇದಕ್ಕಿಂತ ಕಡಿಮೆ ವೇಗದಲ್ಲಿರಲಾರದು. 2013ರ ಫೆಬ್ರುವರಿ 15ರಂದು ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸಿಡಿದ, ಸುಮಾರು 20 ಮೀಟರ್ ಗಾತ್ರದ ಕಲ್ಲು ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ಬಂದಿತ್ತು.

ಉಲ್ಕಾಶಿಲೆಯ ಗುಂಡು

ಕಡೆಯ ಪ್ರಯೋಗಕ್ಕಾಗಿ ಪರಿಚಿತ ಅಧ್ಯಾಪಕರೊಬ್ಬರು ತಮ್ಮ ಸಂಗ್ರಹದ ಕಬ್ಬಿಣದ ಉಲ್ಕಾಶಿಲೆಯ ತುಂಡೊಂದನ್ನು ಎರವಲು ಕೊಟ್ಟರು. ಅಂಗೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ. ಒಂದು ಮುಖವನ್ನು ಕತ್ತರಿಸಿ ಆಮ್ಲದಿಂದ ತೊಳೆದಿದ್ದರು. ಅದರ ಮೇಲೆ ಒಂದನ್ನೊಂದು ಅಡ್ಡಹಾಯುವ ನೇರ ಪಟ್ಟೆಗಳು, ಬೆಳಕಿಗೆ ಹಿಡಿದು ತಿರುಗಿಸಿದಂತೆ ಕೆಲವು ಹೊಳೆದು ಕೆಲವು ಮಂಕಾಗುತ್ತಿದ್ದವು. ಕಬ್ಬಿಣ ಮತ್ತು ನಿಕಲ್ ಮಿಶ್ರಣದ ಎರಡು ಬಗೆಯ ಹರಳುಗಳು ಹೀಗೆ ಬೆಳೆಯಬೇಕಾದರೆ ಲೋಹ ಹತ್ತು ಲಕ್ಷ ವರ್ಷಗಳಲ್ಲಿ ಕೆಲವೇ ಡಿಗ್ರಿಗಳಿಂದ ಕೆಲವು ಸಾವಿರ ಡಿಗ್ರಿಗಳಷ್ಟರ ನಿಧಾನದಲ್ಲಿ ತಣಿಯಬೇಕು. ಯಾವ ಕುಲುಮೆಯಲ್ಲೂ ಇದನ್ನು ಮಾಡಲಾಗದು. ಕ್ಷುದ್ರಗ್ರಹವೊಂದರ ಒಡಲಿನಲ್ಲಿ ಮಾತ್ರ ಸಾಧ್ಯ. ಉಲ್ಕಾಶಿಲೆಗಳು ಬರುವುದು ಕ್ಷುದ್ರಗ್ರಹಗಳ ಪಟ್ಟಿಯಿಂದ ಎಂಬುದಕ್ಕೆ ಕಕ್ಷೆಯ ಸಾಕ್ಷ್ಯ ದೊರೆತದ್ದು 1959ರ ಏಪ್ರಿಲ್ 7ರಂದು. ಚೆಕೊಸ್ಲೊವಾಕಿಯಾದ ಪ್ರಿಬ್ರಾಮ್ ಬಳಿ ಬಿದ್ದ ಉಲ್ಕೆಯ ದಾರಿ ಬೇರೆಬೇರೆ ಕಡೆಯ ಕ್ಯಾಮೆರಾಗಳಲ್ಲಿ ಸೆರೆಯಾಗಿ, ಅದರ ಹಿಂದಿನ ಕಕ್ಷೆಯನ್ನು ಲೆಕ್ಕಹಾಕಲು ಸಾಧ್ಯವಾಯಿತು. ಹಾಗೆ ಕಕ್ಷೆ ತಿಳಿದ ಮೊದಲ ಉಲ್ಕಾಶಿಲೆ ಅದು.

ತುಂಡಿಗೆ ತೂತು ಕೊರೆಯುವ ಮಾತೇ ಇರಲಿಲ್ಲ. ತೆಳುವಾದ ತಾಮ್ರದ ತಂತಿಯ ಬಲೆಯೊಂದನ್ನು ಹೆಣೆದು ಅದರೊಳಗೆ ತುಂಡನ್ನು ಬಿಗಿಯಾಗಿ ಕೂರಿಸಿದೆ. ಅದರ ಭಾರಕೇಂದ್ರ ಎಲ್ಲಿದೆಯೋ ಹೇಳಲಾಗದು, ಆದರೆ ಎರಡು ಉದ್ದಗಳ ವಿಧಾನಕ್ಕೆ ಅದು ತಿಳಿಯಬೇಕಾಗಿಯೂ ಇಲ್ಲ. ಬಂದ ಫಲ 9.80, ಹಿತ್ತಾಳೆಯದೇ ಬೆಲೆ. ನ್ಯೂಟನ್ ಅವರು ಚಿನ್ನ, ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ಮರ, ನೀರು, ಗೋಧಿಗಳನ್ನು ಒಂದೇ ಗಾತ್ರದ ಪೆಟ್ಟಿಗೆಗಳಲ್ಲಿ ತುಂಬಿ ಲೋಲಕಗಳಾಗಿ ತೂಗಿಸಿ, ಸಾವಿರದಲ್ಲಿ ಒಂದು ಪಾಲಿನಷ್ಟೂ ವ್ಯತ್ಯಾಸವಿಲ್ಲ ಎಂದು ಕಂಡಿದ್ದರು. 1830ರ ಆಸುಪಾಸಿನಲ್ಲಿ ಜರ್ಮನಿಯ ಖಗೋಳವಿಜ್ಞಾನಿ ಬೆಸೆಲ್ ಅವರು ಆಕಾಶದಿಂದ ಬಿದ್ದ ಕಬ್ಬಿಣವನ್ನೂ ಕಲ್ಲನ್ನೂ ಈ ಪಟ್ಟಿಗೆ ಸೇರಿಸಿ, ಅರವತ್ತು ಸಾವಿರದಲ್ಲಿ ಒಂದು ಪಾಲಿನವರೆಗೆ ಪರೀಕ್ಷಿಸಿದರು. ಭೂಮಿಯ ಹೊರಗೆ ಹುಟ್ಟಿದ ವಸ್ತುವಿಗೂ ಗುರುತ್ವ ಬೇರೆಯಾಗಿರಲಿಲ್ಲ.

ಅದೇ ಗಾತ್ರದ ಮರದ ಗುಂಡನ್ನು ತೂಗಿಸಿದಾಗ ಮಾತ್ರ 9.78ರ ಹತ್ತಿರ ಬಂದಿತು. ಅದು ಬೇಗ ನಿಂತುಬಿಡುವುದರಿಂದ ಅಳತೆ ತುಸು ಒರಟು, ಆದರೂ ಈ ಕೊರತೆ ಪ್ರತಿಸಲವೂ ಒಂದೇ ದಿಕ್ಕಿನಲ್ಲಿತ್ತು. ಗಾಳಿ ಗುಂಡನ್ನು ಮೇಲಕ್ಕೆ ಎತ್ತಿಹಿಡಿಯುವುದರಿಂದ, ನೀರಿನ ಸಾಂದ್ರತೆಯ 0.7ರಷ್ಟಿರುವ ಮರದಲ್ಲಿ ಸೆಳೆತ ಶೇಕಡ 0.17ರಷ್ಟು ಕಡಿಮೆಯಾದಂತೆ ತೋರುತ್ತದೆ. ಗುಂಡು ತನ್ನೊಂದಿಗೆ ಒಂದಷ್ಟು ಗಾಳಿಯನ್ನೂ ಹೊತ್ತು ತೂಗಬೇಕಾಗುತ್ತದೆ, ಲೋಲಕಗಳ ಲೆಕ್ಕದಲ್ಲಿ ಬೆಸೆಲ್ ಒತ್ತಿಹೇಳಿದ ಸಂಗತಿಯಿದು. ದುಂಡನೆಯ ಗುಂಡಿಗೆ ಆ ಗಾಳಿ ಗುಂಡು ತಳ್ಳಿದ ಗಾಳಿಯ ಅರ್ಧದಷ್ಟು, ಅಂದರೆ ಇನ್ನೂ ಶೇಕಡ 0.09. ಎರಡನ್ನೂ ಕೂಡಿ ತಿದ್ದಿದರೆ ಮರವೂ 9.80ಕ್ಕೆ ಬರುತ್ತದೆ. ಹಿತ್ತಾಳೆಗೂ ಉಲ್ಕಾಶಿಲೆಗೂ ಇದೇ ತಿದ್ದುಪಡಿ ಶೇಕಡ 0.02ರಷ್ಟು ಮಾತ್ರ, ನನ್ನ ಅಳತೆಯ ಮಿತಿಗಿಂತ ಕೆಳಗೆ. ಅದಕ್ಕಿಂತ ಮುಂದೆ ಹೋಗಬೇಕಾದರೆ ಲೋಲಕವನ್ನು ಗಾಳಿ ತೆಗೆದ ಕೊಳವೆಯೊಳಗೆ ತೂಗಿಸಬೇಕು. ಅದಕ್ಕೆ ಬೇಕಾದ ಕೊಳವೆಯ ವ್ಯಾಸ, ಅದರ ಮುಚ್ಚಳದಲ್ಲಿ ಈ ಉಕ್ಕಿನ ಹಿಡಿಕೆಯನ್ನು ಅಲುಗದಂತೆ ಕೂರಿಸುವ ಕ್ರಮ, ಇವೆರಡರ ನಕ್ಷೆ ಈಗ ಸಿದ್ಧವಾಗುತ್ತಿದೆ.